ಗಂಟಲ ಮೇಲೆ ಎರಡು ಬೆರಳು

ಮುದ್ದೆಯನ್ನು ಅಗಿದೆನೆಂದು ನಾನು ಗಂಡನ ಕೈಯಲ್ಲಿ ಮೊದಲ ಏಟು ತಿಂದೆ. ಮದುವೆಯಾಗಿ ಅಜ್ಜೀಪುರಕ್ಕೆ ಬಂದು ಇನ್ನೂ ನಾಲ್ಕು ದಿನ. ಆ ಮನೆಯಲ್ಲಿ ಗಂಡಸರು ಉಂಡ ಮೇಲೆ ಹೆಂಗಸರು ತಟ್ಟೆ ಹಾಕಿಕೊಳ್ಳಬೇಕು. ಅವನು ಉಂಡು, ಎಲೆಯಡಿಕೆ ಹಾಕಿಕೊಂಡು, ಕಂಬಕ್ಕೆ ಒರಗಿ ನನ್ನ ಬಾಯನ್ನೇ ನೋಡುತ್ತಿದ್ದ. ನೋಡುತ್ತಾನಲ್ಲ ಎಂದು ನಾನು ನಾಚಿಕೊಂಡೆ, ಹದಿನೇಳರ ಬುದ್ಧಿ. ಅವನು ಎದ್ದು ಬಂದು ಬಲ ಕಪಾಳಕ್ಕೆ ಬಿಟ್ಟ. ಬಾಯಲ್ಲಿದ್ದ ತುತ್ತು ಹಾರಿ ಗೋಡೆಗೆ ಅಂಟಿಕೊಂಡಿತು. ಅವನು ಹಿಂದಕ್ಕೆ ಹೋಗಿ ಅದೇ ಕಂಬಕ್ಕೆ ಒರಗಿ ಕೂತ.

ನನ್ನ ತಪ್ಪು ಏನೆಂದು ಆಮೇಲೆ ಪಕ್ಕದ ಮನೆಯವಳು ಹೇಳಿದಳು. ಆ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೆಸರು, ಹಿಟ್ಟನ್ನು ಹಲ್ಲಿಗೆ ತಾಗಿಸಬಾರದು. ಸಾರಿಗೆ ಅದ್ದಿ ನಾಲಗೆಯ ಮೇಲಿಟ್ಟು ಒಂದೇ ಸಲಕ್ಕೆ ಇಳಿಸಬೇಕು. ಅಗಿದರೆ ಹಿಟ್ಟಿನಲ್ಲಿ ಗಂಟಿದೆ, ಸರಿಯಾಗಿ ಬೆಂದಿಲ್ಲ, ತಿರುವಿದವಳಿಗೆ ಕೈ ಬರುವುದಿಲ್ಲ ಎಂದು ತಟ್ಟೆಯ ಮುಂದೆ ಕೂತು ಹೇಳಿದ ಹಾಗೆ. ಹಿಟ್ಟು ತಿರುವಿದವಳು ನನ್ನ ಅತ್ತೆ. ಅವಳಿಗೆ ಅವಮಾನವಾಯಿತೋ ಇಲ್ಲವೋ ಅವಳೇನೂ ಹೇಳಲಿಲ್ಲ. ಅವಳ ಪರವಾಗಿ ಮಗನಿಗೆ ಅವಮಾನವಾಗಿತ್ತು.

ನನ್ನ ತವರು ಯಳಂದೂರು ಕಡೆಯ ಮಾಂಬಳ್ಳಿ. ನಮ್ಮದು ನೀರಿನ ಗದ್ದೆ, ಮೂರು ಹೊತ್ತೂ ಅನ್ನ. ರಾಗಿ ಎಂದರೆ ಆಳುಗಳ ಊಟ ಎಂಬ ಕೊಬ್ಬು ನಮ್ಮ ಮನೆಯಲ್ಲಿ ಇತ್ತು, ನನಗೂ ಇತ್ತು, ಸುಳ್ಳೇಕೆ ಹೇಳಲಿ. ಕೊಳ್ಳೇಗಾಲ, ಹನೂರು ಸೀಮೆಯೆಲ್ಲ ಅಲ್ಲಿಯವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದು ಮೈಸೂರಿಗೆ ಸೇರಿದ ವರ್ಷವೇ ನನ್ನ ಮದುವೆ. ಇನ್ನು ಇಬ್ಬರದೂ ಒಂದೇ ಸರ್ಕಾರ, ಹೆಣ್ಣು ಕೊಟ್ಟರೆ ದೂರವೇನಲ್ಲ ಎಂದು ಅಪ್ಪ ನಗುತ್ತಾ ಒಪ್ಪಿದ್ದ. ಸರ್ಕಾರ ಒಂದಾದರೇನು, ಗಂಟಲು ಬೇರೆಯಾಗಿತ್ತು.

ಅತ್ತೆ ವಿಧವೆ. ಗಿಡ್ಡ ಹೆಂಗಸು. ದಿನಾ ಆಳುಗಳೂ ಸೇರಿ ಹತ್ತು ಜನಕ್ಕೆ ಹಿಟ್ಟು ತಿರುವಿ ತಿರುವಿ ಮುಂಗೈ ಗಂಡಸರದಕ್ಕಿಂತ ದಪ್ಪವಾಗಿತ್ತು. ಅವಳಿಗೆ ಊರಲ್ಲಿ ಇನ್ನೊಂದು ಕೆಲಸವಿತ್ತು: ಗಂಟಲು ನೋಡುವುದು. ನುಂಗಲಾರದವರು, ತುತ್ತು ಸಿಕ್ಕಿಕೊಂಡವರು, ನೀರು ಕುಡಿದರೆ ನೆತ್ತಿಗೆ ಹತ್ತುವ ಮುದುಕರು ಅವಳ ಹತ್ತಿರ ಬರುತ್ತಿದ್ದರು. ಪಾಲಾರ್ ಕಡೆಯಿಂದ ತಮಿಳು ಮಾತಾಡುವವರೂ ಬರುತ್ತಿದ್ದರು. ಅವಳು ಎದುರಿಗೆ ಕುಕ್ಕರಗಾಲಲ್ಲಿ ಕೂತು, ಅವರ ಗಂಟಲ ಉಬ್ಬಿನ ಆ ಪಕ್ಕ ಈ ಪಕ್ಕ ಎರಡು ಬೆರಳು ಇಟ್ಟು, ಉಗುಳು ನುಂಗು ಅನ್ನುತ್ತಿದ್ದಳು. ಬೆರಳ ಕೆಳಗೆ ಉಬ್ಬು ಏರಿ ಇಳಿಯುವುದನ್ನು ಕಣ್ಣು ಮುಚ್ಚಿ ನೋಡುತ್ತಿದ್ದಳು. ಕಿರುನಾಲಗೆ ಜೋತುಬಿದ್ದಿದ್ದರೆ ಗಂಟಲು ಬಿದ್ದಿದೆ ಎನ್ನುವರು. ಆಗ ಉಪ್ಪು ಮೆಣಸು ಅರೆದು ಹೆಬ್ಬೆರಳಿಗೆ ಹಚ್ಚಿ, ಬಾಯೊಳಗೆ ಹಾಕಿ, ಕಿರುನಾಲಗೆಯನ್ನು ಒತ್ತಿ ಮೇಲೆತ್ತುತ್ತಿದ್ದಳು. ಗಟ್ಟಿ ಗಂಡಸರು ಅತ್ತುಬಿಡುತ್ತಿದ್ದರು.

ನನಗೆ ನುಂಗುವುದನ್ನು ಕಲಿಸಿದವಳೂ ಅವಳೇ. ಮಗ ಹೊಲಕ್ಕೆ ಹೋದ ಮೇಲೆ ಹಿತ್ತಲಿನಲ್ಲಿ ಕೂರಿಸಿಕೊಂಡು ನನ್ನ ಗಂಟಲ ಮೇಲೆ ಎರಡು ಬೆರಳಿಟ್ಟು ತುತ್ತು ಕೊಡುತ್ತಿದ್ದಳು. ಮೊದಲು ಗೋಲಿಯಷ್ಟು, ಆಮೇಲೆ ನೆಲ್ಲಿಕಾಯಿಯಷ್ಟು. ತುತ್ತು ದೊಡ್ಡದಾದಷ್ಟೂ ಗಂಟಲು ಹೆಚ್ಚು ಹಿಂಡಬೇಕು, ಹಿಂಡುವ ಬಲ ಒಬ್ಬೊಬ್ಬರಿಗೆ ಒಂದೊಂದು, ಅದಕ್ಕೇ ಊರಿಗೆಲ್ಲ ಒಂದೇ ತುತ್ತಿನ ಅಳತೆ ಇಲ್ಲ ಅನ್ನುತ್ತಿದ್ದಳು. ಆರಿದ ಹಿಟ್ಟು ಮೊಂಡು, ಬಿಸಿಯದು ಮಾತು ಕೇಳುತ್ತದೆ. ಸಾರು ನೀರಾದರೆ ಗಂಟಲು ಸಿದ್ಧವಾಗುವ ಮೊದಲೇ ಜಾರಿಬಿಡುತ್ತದೆ, ಆದ್ದರಿಂದಲೇ ಮುದುಕರು ಹಿಟ್ಟಿಗೆ ಕೆಮ್ಮುವುದಿಲ್ಲ, ನೀರಿಗೆ ಕೆಮ್ಮುತ್ತಾರೆ. ನಾನು ಕೋಳಿ ನೀರು ಕುಡಿಯುವ ಹಾಗೆ ತಲೆ ಎತ್ತಿ ನುಂಗಲು ಹೋದರೆ ನೆತ್ತಿಯ ಮೇಲೆ ಮೊಟಕಿ ಗದ್ದವನ್ನು ಎದೆಗೆ ಒತ್ತಿಸುತ್ತಿದ್ದಳು. ಅಳುವವರಿಗೆ ತುತ್ತು ಕೊಡಬಾರದು ಎಂದೂ ಹೇಳಿದ್ದಳು. ಹಾಗೆ ನೋಡಿದರೆ ಆ ಮನೆಯಲ್ಲಿ ನನಗೆ ಊಟವನ್ನೇ ಹಾಕಬಾರದಿತ್ತು.

ವಾರದಲ್ಲಿ ಕಲಿತೆ. ಆದರೆ ಕಲಿತದ್ದೆಲ್ಲ ಹಿತ್ತಲಿಗೆ ಮಾತ್ರ. ಅವನು ಕಂಬಕ್ಕೆ ಒರಗಿ ಕೂತನೆಂದರೆ ಗಂಟಲು ತಾನೇ ಮುಚ್ಚಿಕೊಳ್ಳುತ್ತಿತ್ತು, ನೆಲ್ಲಿಕಾಯಿಯಷ್ಟು ತುತ್ತು ಕೂಡ ಎದೆಯ ಮೇಲೆ ಕಲ್ಲಿಟ್ಟಂತೆ ನಿಲ್ಲುತ್ತಿತ್ತು. ಕಣ್ಣಲ್ಲಿ ನೀರು ಬರುತ್ತಿತ್ತು, ಅದಕ್ಕೂ ಏಟು. ಅವನು ಕುಡುಕನಲ್ಲ, ಜೂಜುಗಾರನಲ್ಲ. ಎತ್ತಿನ ಹಾಗೆ ದುಡಿಯುತ್ತಿದ್ದ, ಎತ್ತಿಗೆ ಹೊಡೆದ ಹಾಗೆ ಹೊಡೆಯುತ್ತಿದ್ದ. ಒಂದು ಸಲ ನೇಗಿಲ ಹಗ್ಗ ಹರಿಯಿತೆಂದು ಎತ್ತಿನ ಮೂಗು ಸೀಳುವಂತೆ ಮೂಗುದಾರ ಜಗ್ಗಿದ್ದನ್ನು ನಾನೇ ಕಂಡಿದ್ದೇನೆ. ನನಗೆ ಹೆಚ್ಚಾಗಿ ಹಿಟ್ಟು ತಿರುವುವ ಕೋಲಿನಲ್ಲಿ ಬೀಳುತ್ತಿತ್ತು. ಹೊಡೆದಾದ ಮೇಲೆ ಅತ್ತೆ ಬಂದು ಕೋಲನ್ನು ಎತ್ತಿಕೊಂಡು, ತೊಳೆದು, ಅದರ ಜಾಗದಲ್ಲಿ ನಿಲ್ಲಿಸುತ್ತಿದ್ದಳು. ಅವನ ಏಟಿಗಿಂತ ಅವಳು ಕೋಲು ತೊಳೆಯುವುದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಮೂರನೇ ವರ್ಷ ಮಗಳು ಹುಟ್ಟಿದಳು. ಬಾಣಂತನ ಮುಗಿಸಿಕೊಂಡು ನಾನು ಮಾಂಬಳ್ಳಿಯಿಂದ ಬಂದ ಮೇಲೆ ಅವ್ವ ಪರಿಚಯದವರ ಕೈಯಲ್ಲಿ ಒಂದು ಚೀಲ ಅಕ್ಕಿ ಕಳಿಸಿದಳು, ಮಗುವಿಗೆ ಹಾಲುಣಿಸುವವಳು ಎರಡು ತುತ್ತು ಅನ್ನ ಉಣ್ಣಲಿ ಎಂದು. ಅಕ್ಕಿ ಏನಿದ್ದರೂ ಹಬ್ಬಕ್ಕೆ ಎಂದು ಅವನು ಚೀಲವನ್ನು ಅಟ್ಟಕ್ಕೆ ಹಾಕಿಸಿದ. ಹಾಲುಣಿಸುವವರ ಹಸಿವು ಗೊತ್ತಿರುವವರಿಗೆ ಗೊತ್ತು, ಕಣ್ಣಿಗೆ ಕತ್ತಲೆ ಬರಿಸುವ ಹಸಿವು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅಟ್ಟ ಹತ್ತಿ ಎರಡು ಹಿಡಿ ಅಕ್ಕಿ ತೆಗೆದು ಬೇಯಿಸಿದೆ. ಮಗುವನ್ನು ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿಸಿಕೊಂಡು, ಮೊಸರು ಕಲಸಿ, ನಿಧಾನವಾಗಿ ಅಗಿದು ಅಗಿದು ಉಣ್ಣತೊಡಗಿದೆ.

ಹಗ್ಗ ಬೇಕೆಂದು ಅವನು ಹೊಲದಿಂದ ವಾಪಸು ಬಂದಿದ್ದ. ಬಾಗಿಲಲ್ಲಿ ನಿಂತದ್ದು ನನಗೆ ಗೊತ್ತಾಗಲಿಲ್ಲ. ಅಕ್ಕಿ ತೆಗೆದದ್ದಕ್ಕೆ ಅವನಿಗೆ ಸಿಟ್ಟು ಬಂತೆಂದು ಎಲ್ಲರೂ ತಿಳಿದರು. ನಾನು ಹಾಗೆ ತಿಳಿದಿಲ್ಲ. ನಾನು ಸುಖವಾಗಿ ಅಗಿಯುತ್ತಿದ್ದೆ, ಅವನಿಗೆ ಅದನ್ನು ತಡೆಯಲಾಗಲಿಲ್ಲ. ಬಂದವನೇ ಬಲಗೈಯಲ್ಲಿ ಕತ್ತು ಹಿಡಿದ, ಹೆಬ್ಬೆರಳು ಒಂದು ಪಕ್ಕ, ನಾಲ್ಕು ಬೆರಳು ಇನ್ನೊಂದು ಪಕ್ಕ. ಉಗಿ, ಅಂದ. ಗಂಟಲು ಹಿಸುಕಿ ಹಿಡಿದರೆ ಉಗಿಯುವುದು ಎಲ್ಲಿಂದ? ಗೋಡೆಗೆ ಒತ್ತಿದ, ನನ್ನ ಕಾಲು ನೆಲ ಬಿಟ್ಟಿತು. ಒಳಗೆ ಏನೋ ಕಟಕ್ ಎಂದಿತು. ಮಗು ಕಿರುಚಿದ್ದು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ನೆಲದಲ್ಲಿ ಅನ್ನದ ಮೇಲೆ ಬಿದ್ದಿದ್ದೆ. ಅವನು ಹಗ್ಗ ತೆಗೆದುಕೊಂಡು ಹೊಲಕ್ಕೆ ಹೋಗಿಬಿಟ್ಟಿದ್ದ.

ಬೆಳಿಗ್ಗೆಗೆ ಕತ್ತಿನ ಮೇಲೆ ಐದು ಬೆರಳೂ ಕಪ್ಪುನೀಲಿಯಾಗಿ ಮೂಡಿದವು. ಅತ್ತೆ ನೋಡಿದಳು. ನನ್ನ ಸೆರಗನ್ನು ಎಳೆದು ಕತ್ತಿಗೆ ಸುತ್ತಿದಳು. ನನಗೆ ದನಿ ಹೋಗಿತ್ತು. ತುತ್ತು ಇಳಿಯುತ್ತಿರಲಿಲ್ಲ, ಅಂಬಲಿ ಕೊಟ್ಟರೆ ಅರ್ಧ ಮೂಗಿನಲ್ಲಿ ಬರುತ್ತಿತ್ತು, ಉಗುಳು ನುಂಗಿದರೆ ಕಿವಿಯೊಳಗೆ ಸೂಜಿ ಆಡಿಸಿದಂತೆ ನೋವು. ನಾಲ್ಕು ದಿನಕ್ಕೆ ಸುದ್ದಿ ಕೇರಿಯಲ್ಲಿ ಹಬ್ಬಿತು. ಹೆಂಗಸರು ಬಂದು ಹಿತ್ತಲಲ್ಲಿ ಸೇರಿದರು. ಇದು ಗಂಟಲು ಬಿದ್ದಿರುವುದೇ, ಊರಿಗೆಲ್ಲ ಎತ್ತುವವಳು ಸ್ವಂತ ಸೊಸೆಗೆ ಯಾಕೆ ಎತ್ತುತ್ತಿಲ್ಲ ಎಂದು ಅತ್ತೆಯನ್ನು ಕೇಳಿದರು.

ಅತ್ತೆ ನನ್ನ ಎದುರಿಗೆ ಕೂತು ಸೆರಗಿನ ಒಳಗೆ ಕೈ ಹಾಕಿದಳು. ಎರಡು ಬೆರಳು ಇಟ್ಟಳು. ನುಂಗು ಎಂದಳು, ನುಂಗಿದೆ. ಅವಳ ಬೆರಳು ಮಗನ ಹೆಬ್ಬೆರಳು ಒತ್ತಿದ್ದ ಜಾಗಕ್ಕೆ ಬಂದು ನಿಂತಿತು. ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಈಗ ಹೇಳುತ್ತಾಳೆ, ಇಷ್ಟು ಜನರ ಮುಂದೆ ಹೇಳಿಬಿಡುತ್ತಾಳೆ ಎಂದು ನಾನು ಕಾದೆ. ಅವಳು ಕೈ ತೆಗೆದು, "ಊಂ, ಬಿದ್ದದೆ" ಅಂದಳು.

ಹಾಗೆ ಅಂದ ಮೇಲೆ ಎತ್ತಲೇಬೇಕಲ್ಲ. ಒಬ್ಬಳು ನನ್ನ ತಲೆ ಹಿಡಿದಳು, ಒಬ್ಬಳು ಎರಡು ಕೈ ಹಿಡಿದಳು. ಉಪ್ಪು ಮೆಣಸು ಹಚ್ಚಿದ ಆ ದಪ್ಪ ಹೆಬ್ಬೆರಳು ಒಡೆದುಹೋದ ಗಂಟಲಿನೊಳಗೆ ಬಂತು. ಕೂಗಲು ದನಿ ಇರಲಿಲ್ಲ. ನಾನು ಕಚ್ಚಿದೆ. ಎಲುಬು ಹಲ್ಲಿಗೆ ಸಿಗುವವರೆಗೂ ಕಚ್ಚಿದೆ. ನೆತ್ತರು ಬಾಯಿ ತುಂಬಿತು, ಅದರಲ್ಲಿ ನನ್ನದೆಷ್ಟು ಅವಳದೆಷ್ಟು ಗೊತ್ತಿಲ್ಲ. ಅವಳು ಬೆರಳನ್ನು ಎಳೆದುಕೊಳ್ಳಲಿಲ್ಲ, ನಾನಾಗಿ ಬಿಡುವವರೆಗೆ ಸುಮ್ಮನೆ ಕಚ್ಚಿಸಿಕೊಂಡಳು. ಹೆಂಗಸರು ಇನ್ನು ಸರಿಹೋಗುತ್ತದೆ ಎಂದು ಹೇಳಿ ಮನೆಗೆ ಹೋದರು.

ಸರಿಹೋಗುವುದಿರಲಿ, ಅಂಬಲಿಯೂ ನಿಂತಿತು. ಬಟ್ಟೆ ಅದ್ದಿ ಹಿಂಡಿದ ನೀರು ಮಾತ್ರ. ಮಗುವಿಗೆ ಆಗ ಐದು ತಿಂಗಳು. ಎದೆಗೆ ಹಾಕಿಕೊಂಡರೆ ನಾಲ್ಕು ಸಲ ಚೀಪಿ, ಬಿಟ್ಟು, ನನ್ನ ಮುಖ ನೋಡಿ ಅಳುತ್ತಿತ್ತು. ಹಸುವಿನ ಹಾಲನ್ನು ಬತ್ತಿಯಲ್ಲಿ ಕೊಟ್ಟರೆ ವಾಂತಿ ಮಾಡಿಕೊಳ್ಳುತ್ತಿತ್ತು. ನನ್ನ ಗಂಟಲು ಇಳಿಸಿದರೆ ಅದಕ್ಕೆ ಹಾಲು, ಇಲ್ಲದಿದ್ದರೆ ಇಲ್ಲ. ಹಗಲೆಲ್ಲ ನಾನು ಗದ್ದವನ್ನು ಎದೆಗೊತ್ತಿ ಒಂದೊಂದು ಹನಿ ನೀರನ್ನು ಇಳಿಸಲು ಒದ್ದಾಡುತ್ತಿದ್ದೆ.

ಗಂಡ ಊರಲ್ಲಿ ಬೇರೆ ಮಾತು ಬಿತ್ತಿದ್ದ. ಮಾಂಬಳ್ಳಿಯವರು ಗಂಟಲು ರೋಗದ ಹೆಣ್ಣನ್ನು ಮುಚ್ಚಿಟ್ಟು ಕೊಟ್ಟಿದ್ದಾರಂತೆ. ಗಂಟಲು ನೋಡುವವಳೇ ಬಿದ್ದಿದೆ ಎಂದ ಮೇಲೆ ಜನ ಯಾಕೆ ನಂಬುವುದಿಲ್ಲ? ಆ ಮಾತು ಬಸ್ಸು ಹತ್ತಿ ಅಪ್ಪನ ಕಿವಿಗೂ ಹೋಯಿತು.

ಅಪ್ಪ ಬರುವ ಹಿಂದಿನ ದಿನ ಅತ್ತೆ ನನ್ನ ಪಕ್ಕ ಕೂತು ಅಂಬಲಿ ಕುಡಿಯುತ್ತಿದ್ದಳು. ಅವಳು ಯಾವಾಗಲೂ ಎಲ್ಲರೂ ಉಂಡ ಮೇಲೆ ಅಂಬಲಿಯನ್ನೇ ಕುಡಿಯುತ್ತಿದ್ದಳು. ಮನೆಯ ಹಿಟ್ಟು ಉಳಿಸುವ ಹೆಂಗಸು ಎಂದು ಊರು ಹೊಗಳುತ್ತಿತ್ತು. ಅವತ್ತು ಚೊಂಬು ಕೆಳಗಿಟ್ಟು ನನ್ನ ಕೈ ಹಿಡಿದು ತನ್ನ ಗಂಟಲ ಮೇಲೆ ಇಟ್ಟುಕೊಂಡು ಒಂದು ಗುಟುಕು ನುಂಗಿದಳು. ಎಡಗಡೆ ಏರಿತು. ಬಲಗಡೆ ಏರಲಿಲ್ಲ. ಅಲ್ಲಿ ಎಲುಬು ವಕ್ರವಾಗಿ ಕೂಡಿಕೊಂಡಿದ್ದು ಬೆರಳಿಗೆ ಸಿಕ್ಕಿತು.

"ನಿಮ್ಮಾವ" ಅಂದಳು.

ಅವಳಿಗೂ ಅವಳ ಅತ್ತೆ ಗಂಟಲು ಬಿದ್ದಿದೆ ಎಂದು ಹೇಳಿ ಎತ್ತಿದ್ದಳಂತೆ. ನನಗೆ ಆಗ ಕನಿಕರ ಹುಟ್ಟಬೇಕಿತ್ತು. ಹುಟ್ಟಲಿಲ್ಲ, ಹೊಟ್ಟೆಯೊಳಗಿಂದ ಬೆಂಕಿ ಎದ್ದಿತು. ಗೊತ್ತಿದ್ದೂ ಗೊತ್ತಿದ್ದೂ ನನ್ನ ಬಾಯಿಗೆ ಬೆರಳು ಹಾಕಿದೆಯಾ ಎಂದು ಉಸಿರಿನಲ್ಲೇ ಕೇಳಿದೆ. ಅವಳು ಮೇಲೇಳುತ್ತಾ, "ಅವ ನನ್ನ ಮಗ ಕಣವ್ವ" ಅಂದಳು. ಅವಳ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ ಕೊಳೆಯಾಗಿತ್ತು.

ಮಾರನೆಯ ದಿನ ಅಪ್ಪ ಇಬ್ಬರು ಹಿರಿಯರನ್ನು ಕರೆದುಕೊಂಡು ಹನೂರಿನಿಂದ ಎತ್ತಿನ ಬಂಡಿಯಲ್ಲಿ ಬಂದ. ಊರಿನ ನಾಲ್ಕು ಜನ ಜಗಲಿಯ ಮೇಲೆ ಸೇರಿದರು. ನಾನು ಬಾಗಿಲ ಸಂದಿಯಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದೆ. ಹೆಣ್ಣು ಕೊಟ್ಟವನು ಎಷ್ಟಾದರೂ ತಲೆ ತಗ್ಗಿಸಿದವನು, ಅಪ್ಪ ಮೆಲ್ಲಗೆ ಮಾತಾಡುತ್ತಿದ್ದ. ನನ್ನ ಗಂಡ ಜೋರಾಗಿ ಮಾತಾಡುತ್ತಿದ್ದ. ಕೊನೆಗೆ ಎರಡೂ ಕಡೆಯ ಹಿರಿಯರು ತೀರ್ಮಾನಕ್ಕೆ ಬಂದರು: ರೋಗ ತವರಿನದು, ತವರಿನವರು ಕರೆದುಕೊಂಡು ಹೋಗಿ ವಾಸಿ ಮಾಡಿಸಲಿ, ಮಗು ಮನೆತನದ್ದು, ಮಗು ಇಲ್ಲೇ ಇರಲಿ. ನಾನು ಮಗುವನ್ನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಅದು ಕಿರುಚಿತು. ಹಾಲಿಲ್ಲದ ಎದೆಯಾದರೂ ನನ್ನ ಎದೆ. ಬಿಟ್ಟು ಹೋದರೆ ಅದು ತಿಂಗಳು ಕೂಡ ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು.

ಆಗ ಅತ್ತೆ ಒಳಗಿಂದ ತಟ್ಟೆ ಹಿಡಿದು ನನ್ನನ್ನು ದಾಟಿಕೊಂಡು ಹೋದಳು. ಬಿಸಿ ಹಿಟ್ಟು, ಬಸ್ಸಾರು. ಅದನ್ನು ಜಗಲಿಯ ಮೇಲೆ ಮಗನ ಮುಂದೆ ಇಟ್ಟು, ಉಣ್ಣು ಅಂದಳು. ಈಗ ಯಾಕೆ ಎಂದು ಅವನು ಹುಬ್ಬು ಗಂಟಿಕ್ಕಿದ. ಇಷ್ಟು ಜನರ ಎದುರು ತಾಯಿ ಉಣ್ಣು ಎಂದರೆ ಬೇಡ ಅನ್ನುವುದು ಹೇಗೆ? ದೊಡ್ಡ ತುತ್ತು ಮುರಿದು ಸಾರಿಗೆ ಅದ್ದಿ ಬಾಯಿಗೆ ಹಾಕಿಕೊಂಡ. ತುತ್ತು ನಾಲಗೆ ದಾಟಿ ಗಂಟಲಿಗೆ ಹೋಗುವ ಹೊತ್ತು ಎಷ್ಟೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಹೊತ್ತಿಗೆ ಸರಿಯಾಗಿ ಅವಳು ಕೈ ಚಾಚಿ ಅವನ ಕತ್ತು ಹಿಡಿದಳು, ಹೆಬ್ಬೆರಳು ಒಂದು ಪಕ್ಕ, ನಾಲ್ಕು ಬೆರಳು ಇನ್ನೊಂದು ಪಕ್ಕ.

"ನುಂಗ್ಲಾ" ಅಂದಳು.

ಅವನು ಎರಡು ಕೈಯಲ್ಲಿ ಅವಳ ಮುಂಗೈ ಹಿಡಿದು ಕಿತ್ತುಕೊಳ್ಳಲು ನೋಡಿದ. ಉಸಿರಿಲ್ಲದವನ ಕೈಯಲ್ಲಿ ಬಲ ಎಲ್ಲಿರುತ್ತದೆ? ಕಣ್ಣುಗುಡ್ಡೆಗಳು ಹೊರಕ್ಕೆ ಬಂದವು. ಮೂಗಿನಲ್ಲಿ ಸಾರು ಸುರಿಯಿತು. ಕಾಲು ಝಾಡಿಸಿ ತಟ್ಟೆಯನ್ನು ಒದ್ದ. ಜಗಲಿಯಲ್ಲಿದ್ದ ಒಬ್ಬರೂ ಏಳಲಿಲ್ಲ. ನಾನು ಕೂಡ ಬಿಡಿಸಲು ಹೋಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಿಡಿ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಅವನ ಮುಖ ಕಪ್ಪಿಟ್ಟಾಗ ಅವಳು ಕೈ ಬಿಟ್ಟು ಬೆನ್ನಿಗೆ ಗುದ್ದಿದಳು. ತುತ್ತು ನೆಲಕ್ಕೆ ಬಿತ್ತು.

ಅವಳು ಹಿರಿಯರ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ಮುದ್ಕಿ ನಾನು, ಮೆತ್ತಗೆ ಇಡ್ದೆ. ಇವ ಇವಳ್ನ ಎಂಗ್ ಇಡ್ದಿದ್ದ ಅಂತ ಕತ್ತು ನೋಡ್ಕಳಿ. ಗಂಟ್ಲು ಬಿದ್ದದೆ ಅಂದದ್ದು ಸುಳ್ಳು. ಮಾದಪ್ಪನ ಆಣೆ, ಸುಳ್ಳೇಳ್ದೋಳು ನಾನು."

ನನ್ನನ್ನು ಬಾಗಿಲಿನಿಂದ ಹೊರಗೆ ಎಳೆದು ಕತ್ತಿನ ಸೆರಗನ್ನು ಬಿಚ್ಚಿದಳು. ಗುರುತುಗಳು ಆಗ ಹಳದಿ ತಿರುಗಿದ್ದವು, ಆದರೂ ಐದನ್ನೂ ಎಣಿಸಬಹುದಿತ್ತು. ಅಪ್ಪ ನೋಡಿ, ಕೂತಲ್ಲೇ ಮುಖ ಮುಚ್ಚಿಕೊಂಡ. ಹಿರಿಯರಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡರು. ಅತ್ತೆಯೇ ಅಪ್ಪನಿಗೆ ಹೇಳಿದಳು: "ಬೀಗ್ರೇ, ಕರ್ಕಂಡೋಗಿ. ಮೊಗೀನೂ ಕರ್ಕಂಡೋಗಿ. ಯಾರಾದ್ರೂ ಕೇಳುದ್ರೆ ನಾನ್ ಕೊಟ್ಟೆ ಅನ್ನಿ."

ಯಾರೂ ತಡೆಯಲಿಲ್ಲ. ಅವನು ಗೋಡೆಗೆ ಒರಗಿ ಇನ್ನೂ ಕೆಮ್ಮುತ್ತಿದ್ದ. ಉಟ್ಟ ಸೀರೆಯಲ್ಲೇ ನಾನು ಬಂಡಿ ಹತ್ತಿದೆ. ಹತ್ತುವಾಗ ಹಿಡಿದುಕೊಂಡಿದ್ದ ಮಗುವನ್ನು ಅತ್ತೆ ನನ್ನ ಕೈಗೆ ಕೊಟ್ಟು, ಅನ್ನವನ್ನು ಕಿವುಚಿ ಗಂಜಿಯಷ್ಟು ತೆಳುವಲ್ಲ, ತುತ್ತಿನಷ್ಟು ಗಟ್ಟಿಯಲ್ಲ, ನಡುವೆ ಮಾಡಿಕೊಂಡು ಉಣ್ಣಬೇಕೆಂದೂ ಗದ್ದ ಕೆಳಗಿರಲೆಂದೂ ಹೇಳಿದಳು. ಅವಳ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಬಂಡಿ ಕೇರಿಯ ತಿರುವಿಗೆ ಬಂದಾಗ ಹಿಂದೆ ಮನೆಯೊಳಗಿಂದ ಸದ್ದು ಬಂತು. ಹಿಟ್ಟಿನ ಕೋಲು ಮೈಮೇಲೆ ಬೀಳುವ ಸದ್ದು ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆಮೇಲೆ ಏನೋ ಮುರಿದ ಸದ್ದು. ತಿರುಗಿ ನೋಡಬೇಡ ಎಂದು ಅಪ್ಪ ಹೇಳಿದ, ಎತ್ತುಗಳನ್ನು ಓಡಿಸಲು ಹೇಳಿದ. ನಾನು ತಿರುಗಿ ನೋಡಲಿಲ್ಲ.

ಹನೂರಿನಲ್ಲಿ ಬಸ್ಸು ಸಿಕ್ಕಿತು. ಕೊಳ್ಳೇಗಾಲದಲ್ಲಿ ಡಾಕ್ಟರು ಕತ್ತು ಮುಟ್ಟಿ ನೋಡಿ, ಒಳಗೆ ಒಂದು ಪುಟ್ಟ ಎಲುಬು ಬಿರಿದಿದೆ, ತಾನೇ ಕೂಡಿಕೊಳ್ಳುತ್ತದೆ, ಮೆತ್ತಗಿನದು ಕೊಡಿ ಎಂದರು. ಮಾಂಬಳ್ಳಿಯಲ್ಲಿ ಅವ್ವ ಗಂಜಿ ಕೊಟ್ಟಳು, ಅದು ನೆತ್ತಿಗೆ ಹತ್ತಿತು. ಗಟ್ಟಿ ಅನ್ನ ಕೊಟ್ಟಳು, ನಿಂತುಕೊಂಡಿತು. ಮೂರನೆಯ ದಿನ ಸಿಟ್ಟು ಬದಿಗಿಟ್ಟು ಅತ್ತೆ ಹೇಳಿದ ಹಾಗೆ ಕಿವುಚಿ, ಗದ್ದವನ್ನು ಎದೆಗೊತ್ತಿ ನುಂಗಿದೆ. ಇಳಿಯಿತು. ಇನ್ನೊಂದು ನುಂಗಿದೆ. ವಾರದಲ್ಲಿ ಎದೆ ಬಿಗಿಯಿತು. ಮಗಳು ಬಾಯಿಟ್ಟು ಬಿಡದೆ ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿ ನಾನು, ಅವ್ವ ಇಬ್ಬರೂ ಅತ್ತೆವು.

ಅಜ್ಜೀಪುರಕ್ಕೆ ನಾನು ಮತ್ತೆ ಹೋಗಲಿಲ್ಲ. ಅವನು ಎರಡು ಸಲ ಕರೆಯಲು ಬಂದ, ಅಪ್ಪ ಬಾಗಿಲು ತೆಗೆಯಲಿಲ್ಲ. ಮಗಳಿಗೆ ಹನ್ನೆರಡೋ ಹದಿಮೂರೋ ಇದ್ದಾಗ, ಎಪ್ಪತ್ತರ ದಶಕದ ಮೊದಲಲ್ಲಿ, ಆ ಊರಿನ ಒಬ್ಬರು ಬಂದು ಅತ್ತೆ ಹೋದ ಸುದ್ದಿ ಹೇಳಿದರು. ನಾನು ಬಂಡಿ ಹತ್ತಿದ ದಿನವೇ ಅವಳ ಬಲಗೈ ಮುರಿದಿತ್ತಂತೆ, ಆಮೇಲೆ ನೆಟ್ಟಗಾಗಲಿಲ್ಲವಂತೆ. ಎಡಗೈಯಲ್ಲೇ ಹಿಟ್ಟು ತಿರುವುತ್ತಿದ್ದಳಂತೆ, ಗಂಟು ಉಳಿದರೆ ಮಗ ಹೊಡೆಯುತ್ತಿದ್ದನಂತೆ. ಗಂಟಲು ನೋಡಿಸಿಕೊಳ್ಳಲು ಬರುವವರನ್ನು ಅವನು ಅಂಗಳದಿಂದಲೇ ಓಡಿಸುತ್ತಿದ್ದನಂತೆ. ಕೊನೆಯ ತಿಂಗಳಲ್ಲಿ ಅಂಬಲಿಯೂ ಇಳಿಯದೆ ಹಸಿದೇ ಸತ್ತಳಂತೆ. ಅವರು ಇದನ್ನೆಲ್ಲ ಕಾಫಿ ಕುಡಿಯುತ್ತಾ ಹೇಳಿದರು, ನಾನು ನಿಂತು ಕೇಳಿಸಿಕೊಂಡೆ.

ಅವಳು ನನಗೆ ಮಾಡಿದ್ದನ್ನು ನಾನು ಕ್ಷಮಿಸಿಲ್ಲ. ಅವಳಿಗೆ ನಾನು ಮಾಡಿದ್ದು ಅದಕ್ಕಿಂತ ದೊಡ್ಡದು. ಅವತ್ತು ಜಗಲಿಯ ಮೇಲೆ ಅಷ್ಟು ಜನ ಇದ್ದರು, ಅಪ್ಪ ಇದ್ದ, ನಾನು ಇದ್ದೆ. ನೀನೂ ಬಾ ಅತ್ತೆ ಎಂದು ಒಬ್ಬರೂ ಅನ್ನಲಿಲ್ಲ. ನನಗಂತೂ ಅದು ಹೊಳೆಯಲೇ ಇಲ್ಲ. ಬಂಡಿಯಲ್ಲಿ ಜಾಗವಿತ್ತು.